ಸೂಜಿ ಎಲ್ಲಿ ಒತ್ತುತ್ತದೋ ಅಲ್ಲಿಗೆ ಥಿಂಬಲ್: ಕೈಹೊಲಿಗೆಯವರಿಗೊಂದು ಆಯ್ಕೆಯ ದಾರಿ

ಅಂಗುಸ್ತಾನ ಎನ್ನಿ, ಬೆರಳುಟೋಪಿ ಎನ್ನಿ, ಥಿಂಬಲ್ ಎನ್ನಿ, ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಲೋಹದ್ದೋ, ಚರ್ಮದ್ದೋ, ಸಿಲಿಕೋನಿನದೋ? ತುದಿ ಮುಚ್ಚಿದ್ದೋ, ತೆರೆದದ್ದೋ? ಇವರ ಜೊತೆಗೆ ಇನ್ನೊಂದು ಗುಂಪೂ ಇದೆ: ಒಂದು ಕೊಂಡು ನೋಡಿದವರು, ಕೈಗೆ ಹೊಂದದೆ ಡಬ್ಬಿಯಲ್ಲಿಟ್ಟವರು, ಈಗ ಬರಿಬೆರಳಲ್ಲೇ ಹೊಲಿಯುತ್ತಾ ನೋವು ತಿನ್ನುವವರು. ಇವರಲ್ಲಿ ಹೆಚ್ಚಿನವರು ಕೊಂಡದ್ದು ಕೆಟ್ಟ ಥಿಂಬಲ್ ಅಲ್ಲ ಎಂದೇ ನನ್ನ ಅನಿಸಿಕೆ. ತಮ್ಮ ಕೈ ಸೂಜಿಯನ್ನು ಯಾವ ಜಾಗದಿಂದ ತಳ್ಳುತ್ತದೆ ಎಂದು ನೋಡದೆ, ಚೆಂದ ಕಂಡದ್ದನ್ನೋ ಬೇರೆಯವರು ಹೊಗಳಿದ್ದನ್ನೋ ತಂದಿದ್ದಾರೆ, ಅಷ್ಟೇ.

ಹಾಗಾಗಿ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ದಪ್ಪನೆಯ ಹತ್ತಿ ಬಟ್ಟೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ, ನೀವು ದಿನವೂ ಬಳಸುವ ಸೂಜಿಯಲ್ಲಿ, ಬರಿಬೆರಳಲ್ಲೇ ನಾಲ್ಕೈದು ಸಾಲು ಹೊಲಿಯಿರಿ. ಬೆರಳನ್ನು ಗಮನಿಸುತ್ತಾ ಹೊಲಿಯಬೇಡಿ. ಗಮನಿಸಿದರೆ ಕೈ ತನ್ನ ರೂಢಿ ಬಿಟ್ಟುಬಿಡುತ್ತದೆ. ಹೊಲಿದು ಮುಗಿದ ಮೇಲೆ ಬೆರಳುಗಳನ್ನು ಬೆಳಕಿಗೆ ಹಿಡಿಯಿರಿ. ಸೂಜಿಯ ಕಣ್ಣಿನ ತುದಿ ಒತ್ತಿದಲ್ಲೆಲ್ಲ ಕೆಂಪು ಚುಕ್ಕೆ, ಸಣ್ಣ ತಗ್ಗು ಬಿದ್ದಿರುತ್ತವೆ. ಬಹಳ ಜನರಿಗೆ ಅವು ಸೂಜಿ ಹಿಡಿದ ಕೈಯ ನಡುಬೆರಳಲ್ಲಿ ಕಾಣುತ್ತವೆ. ಆದರೆ ನಡುಬೆರಳಲ್ಲಿ ಎಂದರೆ ಸಾಲದು. ಬೆರಳ ತುದಿಯಲ್ಲೋ, ಉಗುರಿನ ಪಕ್ಕದಲ್ಲೋ, ಮೊದಲ ಗೆಣ್ಣು ಎರಡನೆಯ ಗೆಣ್ಣುಗಳ ನಡುವೆಯೋ? ಕೆಲವರು ತೋರುಬೆರಳಿಂದ ತಳ್ಳುತ್ತಾರೆ, ಕೆಲವರು ಹೆಬ್ಬೆರಳಿಂದ, ದಪ್ಪ ಬಟ್ಟೆಗೆ ಅಂಗೈಯಿಂದಲೇ ತಳ್ಳುವವರೂ ಇದ್ದಾರೆ. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ. ಗುರುತು ಬಿದ್ದ ಜಾಗವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಏನೇನು ತೂಗಿ ನೋಡಬೇಕು

ತಳ್ಳುವ ಜಾಗ ಗೊತ್ತಾದ ಮೇಲೆ ಬಟ್ಟೆ, ಸೂಜಿಗಳ ವಿಚಾರ. ಕೈಹೊಲಿಗೆಯ ಸೂಜಿಗಳಲ್ಲಿ ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣ. ಸಣ್ಣ ಸೂಜಿಯ ಕಣ್ಣಿನ ತುದಿಯೂ ಸಣ್ಣ, ಹಾಗಾಗಿ ಅದು ಚರ್ಮ, ರಬ್ಬರ್‌ಗಳೊಳಗೆ ಸುಲಭವಾಗಿ ಇಳಿಯುತ್ತದೆ. ದಪ್ಪ ಸೂಜಿಯದು ಬೇರೆ ತೊಂದರೆ: ಅದಕ್ಕೆ ಬಲ ಹೆಚ್ಚು ಬೇಕು, ಬಲ ಹೆಚ್ಚಾದಾಗ ಸೂಜಿ ಜಾರಿದರೆ ಪೆಟ್ಟೂ ಹೆಚ್ಚು. ತೆಳು ಬಟ್ಟೆಯ ಅಂಚು ಮಡಚಿ ಹೊಲಿಯುವವರ ಅಗತ್ಯವೂ ಜೀನ್ಸ್ ಬಟ್ಟೆಗೆ ತೇಪೆ ಹಾಕುವವರ ಅಗತ್ಯವೂ ಒಂದೇ ಅಲ್ಲ.

ಆಮೇಲೆ ಸ್ಪರ್ಶ. ಬೆರಳು ಮುಚ್ಚಿದಷ್ಟೂ ರಕ್ಷಣೆ ಹೆಚ್ಚು, ಬಟ್ಟೆಯ ಸುಳಿವು ಕಡಿಮೆ. ಥಿಂಬಲ್ ವಿಷಯದಲ್ಲಿ ಎರಡೂ ಪೂರ್ತಿಯಾಗಿ ಸಿಗುವುದೇ ಇಲ್ಲ. ಎಷ್ಟು ಸ್ಪರ್ಶ ಬಿಟ್ಟುಕೊಡಲು ನೀವು ಸಿದ್ಧ ಎಂಬುದನ್ನು ನೀವೇ ನಿರ್ಧರಿಸಬೇಕು.

ಉಗುರು ಉದ್ದವೇ, ಬೆರಳು ಬೆವರುತ್ತದೆಯೇ, ಕೆಲವು ಲೋಹಗಳು ತಾಗಿದರೆ ಮೈ ತುರಿಸುತ್ತದೆಯೇ, ಗೆಣ್ಣುಗಳಲ್ಲಿ ಊತ, ನೋವು ಇದೆಯೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸಂವೇದನೆ ಕುಂದಿದವರು ಈ ಸಾಲನ್ನು ಎರಡು ಸಲ ಓದಲಿ: ಚುಚ್ಚಿದ್ದೇ ತಿಳಿಯದೆ ಗಾಯ ಬೆಳೆಯುವ ಅಪಾಯ ಇರುವುದರಿಂದ, ಅವರು ಸ್ಪರ್ಶಕ್ಕಿಂತ ರಕ್ಷಣೆಯನ್ನೇ ಮೇಲೆ ಇಡಬೇಕು.

ಕೊನೆಯದು ಹಣ. ಹೊಲಿಗೆ ಸಾಮಾನುಗಳಲ್ಲಿ ಥಿಂಬಲ್ ಅಗ್ಗದ ವಸ್ತು, ಬೆಳ್ಳಿಯದನ್ನೋ ಕೈಯಿಂದ ಅಳತೆಗೆ ಮಾಡಿಸಿದ್ದನ್ನೋ ಬಯಸುವವರೆಗೆ. ಆದ್ದರಿಂದ ಕಡಿಮೆ ಹಣ ಇರುವವರು ಒಂದೇ ದುಬಾರಿಯದಕ್ಕೆ ಕೂಡಿಡುವುದಕ್ಕಿಂತ ಬೇರೆ ಬೇರೆ ಬಗೆಯ ಎರಡು ಅಗ್ಗದವನ್ನು ಕೊಂಡು ನೋಡುವುದು ಜಾಣತನ.

ತುದಿ ಮುಚ್ಚಿದ ಲೋಹದ ಥಿಂಬಲ್

ಥಿಂಬಲ್ ಎಂದೊಡನೆ ಕಣ್ಣ ಮುಂದೆ ಬರುವುದು ಇದೇ. ಬೆರಳ ತುದಿಯಿಂದ ಅಥವಾ ತುದಿಗೆ ಹತ್ತಿರದ ಪಕ್ಕದಿಂದ ತಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸೂಜಿ ಎಂಥದ್ದಾದರೂ ತೂರುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ, ತೊಳೆದರೆ ಹೊಸದಾಗುತ್ತದೆ.

ಇದರ ಜೀವ ಇರುವುದು ಮೈಮೇಲಿನ ಕುಳಿಗಳಲ್ಲಿ. ಕೊಳ್ಳುವಾಗ ಜೊತೆಗೆ ನಿಮ್ಮದೇ ಸೂಜಿಯೊಂದನ್ನು ಒಯ್ಯಿರಿ. ಸೂಜಿಯ ಕಣ್ಣಿನ ತುದಿಯನ್ನು ಒಂದು ಕುಳಿಯಲ್ಲಿ ನೆಟ್ಟಗೆ ಊರಿ, ಮೊನೆಯನ್ನು ದಪ್ಪ ಬಟ್ಟೆಗೋ ರಟ್ಟಿಗೋ ಒತ್ತಿ ಹಿಡಿದು, ನಿಧಾನಕ್ಕೆ ಸೂಜಿಯನ್ನು ಓರೆ ಮಾಡುತ್ತಾ ಬನ್ನಿ. ಕುಳಿ ಆಳವಾಗಿದ್ದರೆ ಸೂಜಿ ಸಾಕಷ್ಟು ಓರೆಯಾದರೂ ಕಚ್ಚಿಕೊಂಡು ನಿಲ್ಲುತ್ತದೆ. ಬರೀ ಅಲಂಕಾರಕ್ಕೆ ಒತ್ತಿದ ಕುಳಿಯಾದರೆ ಸ್ವಲ್ಪ ಓರೆಯಾಗುವುದೇ ತಡ, ಸರ್ರನೆ ಜಾರುತ್ತದೆ. ಹೊಲಿಯುವಾಗ ಹಾಗೆ ಜಾರಿದ ಸೂಜಿ ಪಕ್ಕದ ಬೆರಳಿಗೆ ಹೋಗುತ್ತದೆ. ತುದಿಯಿಂದ ತಳ್ಳುವವರು ತಲೆಯ ಮೇಲಿನ ಕುಳಿಗಳನ್ನೂ, ಪಕ್ಕದಿಂದ ತಳ್ಳುವವರು ಬದಿಯ ಕುಳಿಗಳನ್ನೂ ಹೀಗೆ ಪರೀಕ್ಷಿಸಬೇಕು. ಒಂದೇ ಥಿಂಬಲ್ಲಿನಲ್ಲಿ ಎರಡೂ ಒಂದೇ ಆಳಕ್ಕೆ ಇರಬೇಕೆಂದಿಲ್ಲ.

ಕೌದಿ ಹೊಲಿಯುವವರಿಗೆಂದೇ ಚಪ್ಪಟೆ ತಲೆಯ, ಸುತ್ತ ಎತ್ತರದ ಅಂಚಿರುವ ಮಾದರಿಯೂ ಬರುತ್ತದೆ. ಹಲವು ಪದರಗಳನ್ನು ಸೇರಿಸಿ ಹೊಲಿಯುವಾಗ ಸೂಜಿಯನ್ನು ನೆಟ್ಟಗೆ ಇಳಿಸಿ, ಮೊನೆ ಕೆಳಗೆ ತಾಗಿದೊಡನೆ ಹಿಂಬದಿಯನ್ನು ಬಗ್ಗಿಸಿ, ಮೊನೆಯನ್ನು ಮತ್ತೆ ಮೇಲಕ್ಕೆ ತರುತ್ತಾರೆ. ಹೀಗೆ ಮೇಲೆ ಕೆಳಗೆ ತೂಗುವಾಗ ಸೂಜಿಯ ಹಿಂತುದಿ ತಲೆಯಿಂದ ಆಚೆ ಜಾರದಂತೆ ಆ ಅಂಚು ತಡೆಯುತ್ತದೆ. ಕೌದಿಯನ್ನು ಬಿಟ್ಟು ಬೇರೆ ಹೊಲಿಗೆಗೆ ಇದರಿಂದ ವಿಶೇಷ ಲಾಭ ನನಗೆ ಕಂಡಿಲ್ಲ.

ತೊಂದರೆಗಳೂ ಇವೆ. ಉದ್ದ ಉಗುರಿದ್ದರೆ ಇದು ಸರಿಯಾಗಿ ಕೂರುವುದೇ ಇಲ್ಲ. ಉಗುರಿನ ಜಾಗ ತೆರೆದಿಟ್ಟ ಮಾದರಿಗಳನ್ನು ಹುಡುಕಬೇಕು. ಒಳಗೆ ಬೆವರು ನಿಲ್ಲುತ್ತದೆ. ಬೆರಳ ತುದಿ ಬಟ್ಟೆಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಹೊಸಬರಿಗೆ ಬೆರಳು ತಮ್ಮದಲ್ಲ ಎನಿಸುತ್ತದೆ. ಈ ಕೊನೆಯ ಕಿರಿಕಿರಿ ಮಾತ್ರ ಬಳಸುತ್ತಾ ಹೋದಂತೆ ಕಳೆಯುತ್ತದೆ. ದೊಡ್ಡ ಕೆಲಸಕ್ಕೆ ಕೂರುವ ಮೊದಲು ಚಿಂದಿ ಬಟ್ಟೆಯ ಮೇಲೆ ಕೆಲವು ದಿನ ಅಭ್ಯಾಸ ಮಾಡಿ.

ಲೋಹ ಯಾವುದಿರಲಿ ಎಂಬುದು ಇಲ್ಲಿ ಎರಡನೆಯ ಮಾತು, ಆದರೂ ಮುಖ್ಯ. ಉಕ್ಕು ಗಟ್ಟಿ, ದಪ್ಪ ಕೆಲಸಕ್ಕೆ ನಂಬಿಕಸ್ಥ. ತೇವದಲ್ಲಿಟ್ಟರೆ ಕೆಲವು ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತವೆ. ಹಿತ್ತಾಳೆ ಚೆನ್ನಾಗಿ ಬಾಳುತ್ತದೆ. ಜರ್ಮನಿಯ ನ್ಯೂರೆಂಬರ್ಗ್ 16ನೆಯ ಶತಮಾನದಲ್ಲೇ ಹಿತ್ತಾಳೆ ಥಿಂಬಲ್‌ಗಳಿಗೆ ಹೆಸರಾಗಿತ್ತು. ಬೆವರುವ ಬೆರಳಿಗೆ ಹಿತ್ತಾಳೆ ಹಸಿರು ಬಣ್ಣ ಬಿಡುತ್ತದೆ; ತೊಳೆದರೆ ಹೋಗುತ್ತದೆ, ತಿಳಿಬಣ್ಣದ ರೇಷ್ಮೆ ಹೊಲಿಯುವಾಗ ಮಾತ್ರ ಎಚ್ಚರ ಬೇಕು. ಅಗ್ಗದ ಹೊಳೆಯುವ ಥಿಂಬಲ್‌ಗಳಲ್ಲಿ ಹಲವಕ್ಕೆ ನಿಕಲ್ ಲೇಪನ ಇರುತ್ತದೆ. ನಿಕಲ್ ಒಗ್ಗದವರಿಗೆ ಅದು ತಾಗಿದಲ್ಲಿ ತುರಿಕೆ, ಕೆಂಪು ಗುಳ್ಳೆ ಏಳುತ್ತವೆ. ಅಗ್ಗದ ಓಲೆ, ಗಡಿಯಾರದ ಪಟ್ಟಿಗಳಿಂದ ನಿಮಗೆ ಹಾಗಾಗುತ್ತಿದ್ದರೆ ಇದನ್ನು ಮುಟ್ಟಲೇಬೇಡಿ. ಅಲ್ಯೂಮಿನಿಯಂ, ಪ್ಲಾಸ್ಟಿಕ್ಕುಗಳು ಹಗುರ, ಮಕ್ಕಳಿಗೆ ಕಲಿಸಲು ಸಾಕು. ಒರಟು ಕೆಲಸಕ್ಕೆ ಅಲ್ಲ.

ಬೆಳ್ಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಉಡುಗೊರೆ ಕೊಡುವವರು ಅದನ್ನೇ ಆರಿಸುತ್ತಾರೆ. ಬೆಳ್ಳಿ ಬೆರಳಿಗೆ ಹಿತ, ಬಹಳ ಜನರಿಗೆ ಒಗ್ಗುತ್ತದೆ. ಆದರೆ ಅದು ಮೆದು ಲೋಹ. ತೆಳುವಾಗಿ ಮಾಡಿದ ಬೆಳ್ಳಿಯ ಥಿಂಬಲ್ಲಿಗೆ ದಿನವೂ ಉಕ್ಕಿನ ಸೂಜಿ ಒತ್ತಿದರೆ ಕುಳಿಗಳು ಆಳವಾಗುತ್ತಾ ಹೋಗಿ ಕೊನೆಗೆ ತೂತಾಗುತ್ತವೆ. ಇದು ಹಳೆಯ ಸಮಸ್ಯೆಯೇ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಚಾರ್ಲ್ಸ್ ಹಾರ್ನರ್ ಎಂಬ ಅಕ್ಕಸಾಲಿಗ ಎರಡು ಬೆಳ್ಳಿ ಪದರಗಳ ನಡುವೆ ಉಕ್ಕಿನ ಪದರ ಇಟ್ಟು ಇದಕ್ಕೊಂದು ದಾರಿ ಕಂಡುಕೊಂಡು 1884ರಲ್ಲಿ ಪೇಟೆಂಟ್ ಪಡೆದ. ಆ ಥಿಂಬಲ್‌ಗಳು ಡೋರ್ಕಾಸ್ ಎಂಬ ಹೆಸರಲ್ಲಿ ಪ್ರಸಿದ್ಧವಾದವು. ಹಳೆಯ ಬೆಳ್ಳಿಯದನ್ನು ಕೊಳ್ಳುವುದಾದರೆ ಅದನ್ನು ದೀಪಕ್ಕೆ ಎದುರಾಗಿ ಹಿಡಿದು ಒಳಗೆ ನೋಡಿ. ಸವೆದಿದ್ದರೆ ಸೂಜಿಮೊನೆಯಷ್ಟು ಸಣ್ಣ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅದು ನೋಡಲು ಚೆಂದ, ಹೊಲಿಯಲು ಅಪಾಯ. ಪಿಂಗಾಣಿಯ ಹೂಬಳ್ಳಿ ಬಿಡಿಸಿದ ಥಿಂಬಲ್‌ಗಳೂ ಹಾಗೆಯೇ, ಸಂಗ್ರಹಕ್ಕೆ ಮಾತ್ರ.

ತುದಿ ತೆರೆದ ದರ್ಜಿ ಥಿಂಬಲ್

ಮೇಲೂ ಕೆಳಗೂ ತೆರೆದ ಲೋಹದ ಪಟ್ಟಿ ಇದು. ಬೆರಳ ತುದಿ ಹೊರಗೇ ಇರುತ್ತದೆ. ನಡುಬೆರಳನ್ನು ಮಡಚಿ ಉಗುರಿನ ಪಕ್ಕದ ಭಾಗದಿಂದ ಸೂಜಿಯನ್ನು ತಳ್ಳುವುದು ದರ್ಜಿಗಳ ರೂಢಿ. ಕೋಟಿನಂಥ ದಪ್ಪ ಉಡುಪಿಗೆ ಕಚ್ಚಾ ಹೊಲಿಗೆ ಹಾಕುವಾಗ, ಒಳಪದರ ಕೂಡಿಸುವಾಗ ಬೆರಳತುದಿ ಬಟ್ಟೆಯನ್ನು ಮುಟ್ಟುತ್ತಲೇ ಇರಬೇಕು. ಮಡಿಕೆ ಎಲ್ಲಿದೆ, ಪದರ ಜಾರಿತೇ ಎಂದು ಆ ಬೆರಳೇ ಹೇಳುತ್ತದೆ. ಕೆಂಪು ಗುರುತು ನಿಮ್ಮ ಉಗುರಿನ ಪಕ್ಕದಲ್ಲಿ ಬಿದ್ದಿದ್ದರೆ, ಮುಚ್ಚಿದ್ದು ಬಿಟ್ಟು ಇದನ್ನೇ ಮೊದಲು ಹಾಕಿ ನೋಡಿ. ಉದ್ದ ಉಗುರಿನವರಿಗೂ ಇದು ಸಲೀಸು, ಗಾಳಿಯಾಡುವುದರಿಂದ ಬೆವರೂ ಕಡಿಮೆ.

ಬೆರಳ ತುದಿಯಿಂದಲೇ ತಳ್ಳುವವರಿಗೆ ಮಾತ್ರ ಇದರಿಂದ ಏನೂ ಪ್ರಯೋಜನವಿಲ್ಲ. ಪಕ್ಕದಿಂದ ತಳ್ಳಲು ಕಲಿಯಬಹುದೇ? ಖಂಡಿತ ಕಲಿಯಬಹುದು, ದಿನದಲ್ಲಿ ಗಂಟೆಗಟ್ಟಲೆ ಹೊಲಿಯುವವರಾದರೆ ಕಲಿಯುವುದೇ ಮೇಲು. ಬೆರಳು ಮಡಚಿ ಪಕ್ಕದಿಂದ ತಳ್ಳಿದಾಗ ಮಣಿಕಟ್ಟು ನೇರವಾಗಿ ಉಳಿಯುತ್ತದೆ, ಬೇಗ ದಣಿಯುವುದಿಲ್ಲ. ತಿಂಗಳಿಗೊಮ್ಮೆ ಗುಂಡಿ ಹಾಕುವವರು ಅಷ್ಟು ಕಷ್ಟಪಡಬೇಕಿಲ್ಲ.

ಉಂಗುರದಂಥವು

ಗುರುತು ಎರಡು ಗೆಣ್ಣುಗಳ ನಡುವೆ ಬಿದ್ದಿದ್ದರೆ ಜಪಾನಿನ ಯುಬಿನುಕಿ ನಿಮಗೆ ಹೇಳಿ ಮಾಡಿಸಿದಂತಿದೆ. ನಡುಬೆರಳಿನ ಆ ಭಾಗಕ್ಕೆ ತೊಡುವ ಚರ್ಮದ ಅಥವಾ ಲೋಹದ ಪಟ್ಟಿ ಅದು. ಚಿಕ್ಕ ಸೂಜಿಯ ಹಿಂಬದಿಯನ್ನು ಪಟ್ಟಿಗೆ ಆನಿಸಿ ಹಿಡಿದು, ಹೆಬ್ಬೆರಳು ತೋರುಬೆರಳುಗಳಿಂದ ಬಟ್ಟೆಯನ್ನು ಸೂಜಿಯ ಮೇಲೆ ಪೋಣಿಸುತ್ತಾ ಹೋಗುತ್ತಾರೆ. ನೇರ ಸಾಲಿನ ರನ್ನಿಂಗ್ ಹೊಲಿಗೆಗೆ ಇದರ ವೇಗ ಅಚ್ಚರಿ ಹುಟ್ಟಿಸುತ್ತದೆ. ಎಲ್ಲ ಬೆರಳ ತುದಿಗಳೂ ಬರಿದಾಗಿ ಉಳಿಯುವುದರಿಂದ ಸ್ಪರ್ಶಕ್ಕೂ ಕೊರತೆಯಿಲ್ಲ. ಕನಜಾವಾ ಕಡೆಯ, ಬಣ್ಣದ ರೇಷ್ಮೆ ದಾರ ಸುತ್ತಿ ಮಾಡಿದ ಕಾಗಾ ಯುಬಿನುಕಿಗಳಂತೂ ಕಣ್ಣಿಗೆ ಹಬ್ಬ.

ಸಾಶಿಕೋ ಕಸೂತಿಯ ಉದ್ದ ಸೂಜಿಗೆ ಇನ್ನೊಂದು ಬಗೆ ಇದೆ: ಬೆರಳ ಬುಡಕ್ಕೆ ಉಂಗುರ, ಅದಕ್ಕೆ ಅಂಗೈ ಕಡೆಗೆ ಬಾಗಿದ ಕುಳಿಗಳ ಬಿಲ್ಲೆ. ಸೂಜಿಯ ಹಿಂಬದಿ ಆ ಬಿಲ್ಲೆಗೆ ಒರಗುತ್ತದೆ, ಒಂದೇ ತಳ್ಳಿಗೆ ಹಲವು ಹೊಲಿಗೆ ತುಂಬಿಕೊಳ್ಳಬಹುದು. ಚಿಕ್ಕ ಸೂಜಿ ಅಲ್ಲಿಗೆ ತಲುಪುವುದೇ ಇಲ್ಲ. ಸೂಜಿಯ ಉದ್ದ ನೋಡದೆ ಇದನ್ನು ಕೊಂಡರೆ ಹಣ ದಂಡ.

ಗೆಣ್ಣು ಊದುವವರು, ಕೀಲುನೋವಿನವರು ಮುಚ್ಚಿದ ಉಂಗುರ ಬಿಟ್ಟು ಹಿಂಬದಿ ಸೀಳಿರುವ, ಅಗಲ ಹೊಂದಿಸಬಹುದಾದ ಪಟ್ಟಿಯನ್ನೇ ಕೊಳ್ಳಲಿ. ಬೆಳಗ್ಗೆ ಸಲೀಸಾಗಿ ಹೋದ ಉಂಗುರ ಸಂಜೆ ಗೆಣ್ಣು ದಾಟದೆ ಹಿಂಸೆ ಕೊಡುತ್ತದೆ.

ಚರ್ಮ, ಬಟ್ಟೆ, ಸಿಲಿಕೋನ್, ಅಂಟುಬಿಲ್ಲೆ

ಲೋಹವೇ ಬೇಡ ಎನ್ನುವವರಿಗೆ ಚರ್ಮದ್ದು ಒಳ್ಳೆಯ ನಡುದಾರಿ. ಹಾಕಿಕೊಂಡಂತೆಲ್ಲ ಬೆರಳಿನ ಆಕಾರಕ್ಕೆ ಒಗ್ಗುತ್ತದೆ, ಸೂಜಿ ಜಾರುವುದಿಲ್ಲ. ಅದೇ ಗುಣ ಅದರ ದೋಷವೂ ಹೌದು: ಜಾರದ ಸೂಜಿ ಚರ್ಮದೊಳಗೆ ನಾಟಿ ಕೂರುತ್ತದೆ, ಒಂದೇ ಜಾಗಕ್ಕೆ ಒತ್ತುತ್ತಿದ್ದರೆ ಒಂದು ದಿನ ಆಚೆ ಬರುತ್ತದೆ. ತಳ್ಳುವ ಜಾಗದಲ್ಲಿ ಲೋಹದ ಬಿಲ್ಲೆ ಹೊಲಿದಿರುವ ಚರ್ಮದ ಥಿಂಬಲ್‌ಗಳು ಈ ದೋಷ ನೀಗುತ್ತವೆ, ಬಿಲ್ಲೆ ನಿಮ್ಮ ಕೆಂಪು ಗುರುತಿಗೆ ಸರಿಯಾಗಿ ಕೂತರೆ. ಚರ್ಮ ಹಿಗ್ಗುತ್ತದೆ. ಹೊಸದರಲ್ಲಿ ತುಸು ಬಿಗಿ ಇರುವುದನ್ನೇ ಆರಿಸಿ. ಕೊರಿಯಾದಲ್ಲಿ ತೋರುಬೆರಳಿಗೆ ಹಾಕುವ ಗೋಲ್ಮು ಎಂಬ ಬಟ್ಟೆಯ ಥಿಂಬಲ್ ಇದೆ. ಪದರ ಪದರವಾಗಿ ಕೂಡಿಸಿ ಮನೆಯಲ್ಲೇ ಹೊಲಿದುಕೊಳ್ಳುವಂಥದ್ದು. ತೋರುಬೆರಳಿಂದ ತಳ್ಳುವವರಿಗೆ, ತೆಳು ಬಟ್ಟೆಯ ಕೆಲಸಕ್ಕೆ, ಖರ್ಚಿಲ್ಲದ ದಾರಿ.

ಸಿಲಿಕೋನ್, ರಬ್ಬರ್‌ಗಳದ್ದು ಬೇರೆ ಕತೆ. ಇವು ತಳ್ಳುವುದಕ್ಕಿಂತ ಎಳೆಯುವುದಕ್ಕೆ ಹೆಚ್ಚು ಉಪಯೋಗ. ದಪ್ಪ ಬಟ್ಟೆಯಲ್ಲಿ ಸಿಕ್ಕಿಕೊಂಡ ಸೂಜಿಯನ್ನು ತೋರುಬೆರಳು ಹೆಬ್ಬೆರಳುಗಳಿಂದ ಹಿಡಿದೆಳೆಯುವಾಗ ಬೆರಳು ಜಾರದಂತೆ ಹಿಡಿತ ಕೊಡುತ್ತವೆ. ಸಣ್ಣ ಸೂಜಿಯ ಹಿಂಬದಿಯನ್ನು ಇವುಗಳಿಂದ ಬಲವಾಗಿ ತಳ್ಳಬೇಡಿ, ತೂರಿಬಿಡುತ್ತದೆ.

ಬೆರಳಿಗೆ ಅಂಟಿಸುವ ಪುಟ್ಟ ಬಿಲ್ಲೆಗಳು ಅಳತೆಯ ಗೋಜಿಲ್ಲದವು. ಗುರುತು ಬಿದ್ದಲ್ಲೇ ನೇರವಾಗಿ ಅಂಟಿಸಬಹುದು, ಆದ್ದರಿಂದ ತಳ್ಳುವ ಜಾಗ ವಿಚಿತ್ರವಾಗಿರುವವರಿಗೆ ಇವು ವರ. ಬೆವರುವ ಬೆರಳಿಗೆ ಅಂಟು ಬೇಗ ಸೋಲುತ್ತದೆ. ಒಂದೊಂದಾಗಿ ಕೊಳ್ಳುತ್ತಾ ಹೋದರೆ, ದಿನವೂ ಹೊಲಿಯುವವರಿಗೆ ಒಳ್ಳೆಯ ಲೋಹದ ಥಿಂಬಲ್ಲಿಗಿಂತ ಕೊನೆಗೆ ಇವೇ ದುಬಾರಿ.

ಅಂಗೈಪಟ್ಟಿ

ಹಡಗಿನ ಹಾಯಿ ಹೊಲಿಯುವವರು ಬಳಸುತ್ತಾ ಬಂದದ್ದು: ಕೈಗೆ ಸುತ್ತುವ ಚರ್ಮದ ಪಟ್ಟಿ, ಹೆಬ್ಬೆರಳ ಬುಡದ ಬಳಿ ಕುಳಿಗಳಿರುವ ಲೋಹದ ಬಿಲ್ಲೆ. ಕ್ಯಾನ್ವಾಸ್, ತಾಡಪತ್ರಿ, ಚರ್ಮದ ಚೀಲ ಹೊಲಿಯಲು ಬೆರಳಿನ ಬಲ ಸಾಲದು, ತೋಳಿನ ಬಲವೇ ಬೇಕು. ಅಂಥ ಕೆಲಸ ಇದ್ದರೆ ಬೇರೇನನ್ನೂ ನೋಡಬೇಡಿ. ಎಡಗೈಯವರು ಕೇಳಿ ಕೊಳ್ಳಿ. ಬೇರೆ ಥಿಂಬಲ್‌ಗಳಿಗೆ ಎಡಬಲದ ಭೇದವಿಲ್ಲ, ಇದಕ್ಕಿದೆ.

ಅಳತೆ

ಬಗೆ ನಿರ್ಧಾರವಾದರೂ ಅಳತೆ ತಪ್ಪಿದರೆ ಎಲ್ಲ ವ್ಯರ್ಥ. ನಂಬರ್ ನೋಡಿ ಕೊಳ್ಳಬೇಡಿ, ತಯಾರಕರಿಂದ ತಯಾರಕರಿಗೆ ಅದು ಬದಲಾಗುತ್ತದೆ. ಹಾಕಿಕೊಂಡು ಕೈ ಇಳಿಬಿಟ್ಟು ಮೆಲ್ಲಗೆ ಕೊಡವಿ. ಬಿದ್ದರೆ ದೊಡ್ಡದು. ತೆಗೆದಾಗ ಬೆರಳ ಸುತ್ತ ಆಳವಾದ ಗೆರೆ ಉಳಿದರೆ, ಬೆರಳ ತುದಿ ಜುಮುಗುಟ್ಟಿದರೆ ಚಿಕ್ಕದು. ಮುಚ್ಚಿದ ಥಿಂಬಲ್ಲಿನಲ್ಲಿ ಬೆರಳ ತುದಿ ಒಳಗಿನ ತಲೆಯನ್ನು ಮೆಲ್ಲಗೆ ಮುಟ್ಟಬೇಕು. ನಡುವೆ ಖಾಲಿ ಉಳಿದರೆ ತಳ್ಳಿದಾಗಲೆಲ್ಲ ಅದು ಹಿಂದೆ ಸರಿಯುತ್ತದೆ. ಸೆಕೆಗೆ ಬೆರಳು ತುಸು ಊದುತ್ತದೆ, ಚಳಿಗೆ ಕುಗ್ಗುತ್ತದೆ, ಹಾಗಾಗಿ ಹೊಲಿಯಲು ಕೂರುವ ಹೊತ್ತಿನಲ್ಲೇ ಅಳತೆ ನೋಡುವುದು ಒಳ್ಳೆಯದು. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಲೋಹದಲ್ಲಿ ದೊಡ್ಡದನ್ನೂ ಚರ್ಮದಲ್ಲಿ ಚಿಕ್ಕದನ್ನೂ ಆರಿಸಿ. ದೊಡ್ಡ ಲೋಹದ್ದನ್ನು ಒಳಗೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ ಸರಿಮಾಡಬಹುದು.

ಯಾರಿಗೆ ಯಾವುದು

ಗುಂಡಿ, ಕಾಜ, ಬಿಚ್ಚಿದ ಅಂಚು, ಇಷ್ಟೇ ಕೆಲಸ ಇರುವವರಿಗೆ ಗುರುತಿನ ಜಾಗಕ್ಕೆ ಹೊಂದುವ ಅಗ್ಗದ ಲೋಹದ್ದೊಂದು ಧಾರಾಳವಾಗಿ ಸಾಕು. ಕಸೂತಿಯವರಿಗೆ ನನ್ನ ಸಲಹೆ ಮೆತ್ತನೆಯ ಚರ್ಮದ್ದು ಅಥವಾ ಅಂಟುಬಿಲ್ಲೆ: ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿರುವಾಗ ಬಲ ಹೆಚ್ಚು ಬೇಕಿಲ್ಲ, ದಾರದ ಸುಳಿವು ಬೆರಳಿಗೆ ಸಿಗಬೇಕು. ಉಡುಪು ಹೊಲಿಯುವುದೇ ಕಸುಬಾದವರು ತುದಿ ತೆರೆದ ಉಕ್ಕಿನದ್ದನ್ನು ಅಳತೆ ಸರಿ ಹೊಂದುವವರೆಗೂ ಹುಡುಕಲಿ, ಆ ಹುಡುಕಾಟಕ್ಕೆ ಕಳೆದ ಸಮಯ ನಷ್ಟವಲ್ಲ. ನಿಕಲ್ ಒಗ್ಗದವರು ಚರ್ಮದಿಂದ ಶುರುಮಾಡಿ, ಅದು ಸೋತರೆ ಮಾತ್ರ ಬೆಳ್ಳಿಯ ಖರ್ಚಿಗೆ ಇಳಿಯಲಿ.

ಕೌದಿಯವರಿಗೆ ಒಂದರಲ್ಲಿ ಮುಗಿಯುವುದಿಲ್ಲ. ಮೇಲಿನ ಕೈಗೆ ಅಂಚಿರುವ ಲೋಹದ್ದು ಬೇಕೇ ಬೇಕು. ಕೆಳಗಿನ ಕೈಯ ಬೆರಳೊಂದು ಬಟ್ಟೆಯಡಿಯಲ್ಲಿ ಕಾದಿದ್ದು ಪ್ರತಿ ಹೊಲಿಗೆಗೂ ಸೂಜಿಯ ಮೊನೆಯನ್ನು ಎದುರುಗೊಳ್ಳುತ್ತದೆ, ಮೊನೆ ತಾಗಿತೆಂದು ತಿಳಿದ ಕ್ಷಣವೇ ಅದನ್ನು ಮೇಲಕ್ಕೆ ತಿರುಗಿಸಬೇಕು. ಆ ಬೆರಳಿಗೆ ದಪ್ಪ ಲೋಹ ಹಾಕಿದರೆ ಸುಳಿವೇ ಸಿಗುವುದಿಲ್ಲ, ಬರಿದಾಗಿ ಬಿಟ್ಟರೆ ರಕ್ತದ ಕಲೆ ಕೌದಿಯ ಅಡಿಗೆ ಬೀಳುತ್ತದೆ. ಅಲ್ಲಿಗೆ ಅಂಟುಬಿಲ್ಲೆಯೋ ತೆಳು ಚರ್ಮವೋ ಸರಿ. ಹಣ ಒಂದಕ್ಕೇ ಇದ್ದರೆ ಮೊದಲು ಮೇಲಿನದನ್ನು ಕೊಳ್ಳಿ. ಕೆಳಗಿನ ಬೆರಳಿಗೆ ಹಳೆಯ ಕೈಗವಸಿನ ಬೆರಳೊಂದನ್ನು ಕತ್ತರಿಸಿ ತೊಟ್ಟರೆ ಸದ್ಯಕ್ಕೆ ನಡೆಯುತ್ತದೆ.